ತಿಂಗಳು ನೋಡಿ ಊಟ, ಗಂಟೆ ನೋಡಿ ಪಾನಕ: ಕಾರವಾರದಿಂದ ಶಿರಸಿವರೆಗೆ ಒಂದು ವಾರಾಂತ್ಯ

ನಂದಿ ಬೆಟ್ಟದ ಬುಡಕ್ಕೋ ನಾಸಿಕಕ್ಕೋ ವೈನ್ ಪ್ರವಾಸ ಹೋಗಿ ಬಂದವರು ಉತ್ತರ ಕನ್ನಡಕ್ಕೆ ಹೊರಟಾಗಲೂ ಅದೇ ಪ್ರಶ್ನೆ ಕೇಳುತ್ತಾರೆ: ಎಲ್ಲಿ ತಿನ್ನುವುದು, ಎಲ್ಲಿ ಕುಡಿಯುವುದು? ದ್ರಾಕ್ಷಿತೋಟದ ಊರುಗಳಲ್ಲಿ ಉತ್ತರ ಸುಲಭ. ಹಣ್ಣನ್ನು ಕಾಲಕ್ಕೆ ಸರಿಯಾಗಿ ಹಿಂಡಿ ಬಾಟಲಿಗೆ ತುಂಬಿಟ್ಟಿರುತ್ತಾರೆ. ಜನವರಿಯಲ್ಲಿ ಹೋದರೂ ಆಗಸ್ಟಿನಲ್ಲಿ ಹೋದರೂ ಮುಂದೆ ಬರುವ ಲೋಟ ಹೆಚ್ಚುಕಡಿಮೆ ಅದೇ. ನಮ್ಮ ಕರಾವಳಿಯಲ್ಲಿ ಹಾಗಲ್ಲ. ವರ್ಷಕ್ಕೆ 3000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಕಾರವಾರದಲ್ಲಿ ದ್ರಾಕ್ಷಿ ಬಳ್ಳಿಯನ್ನು ಬೂಜು ರೋಗ ಬದುಕಲು ಬಿಡುವುದಿಲ್ಲ. ಇಲ್ಲಿ ಕುಡಿಯಲಿಕ್ಕಿರುವುದು ಮುರುಗಲು (ಕೋಕಂ), ಕಬ್ಬಿನ ಹಾಲು, ಮಾವಿನಕಾಯಿಯ ಅಪ್ಪೆಹುಳಿ, ಕಷಾಯ. ಒಂದೊಂದಕ್ಕೂ ಒಂದು ಕಾಲವಿದೆ. ಕೆಲವಕ್ಕೆ ಅರ್ಧ ಗಂಟೆಯ ಆಯುಷ್ಯ ಅಷ್ಟೇ. ಮೀನಿನದೂ ಇದೇ ಕತೆ. ಹಾಗಾಗಿ ಹೋಟೆಲಿನ ಹೆಸರು ಹುಡುಕುವ ಮೊದಲು ನೀವು ಹೊರಟಿರುವ ತಿಂಗಳು ಯಾವುದು ಎಂದು ನೋಡಿಕೊಳ್ಳಿ.

ಮೊದಲು ಮೀನಿನ ಕ್ಯಾಲೆಂಡರ್. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ಹೋಟೆಲಿನಲ್ಲಿ ಇಸ್ವಾಣ (ಅಂಜಲ್), ಪಾಂಪ್ಲೆಟ್ ಸಿಕ್ಕರೆ ಅದು ಬಹುಪಾಲು ಮಂಜುಗಡ್ಡೆಯಲ್ಲಿ ದಿನ ಕಳೆದದ್ದು, ಇಲ್ಲವೇ ಪೂರ್ವ ಕರಾವಳಿಯಿಂದ ಲಾರಿಯಲ್ಲಿ ಬಂದದ್ದು. ಹುರಿದು ಕೊಟ್ಟರೆ ಮಸಾಲೆಯಲ್ಲಿ ಮುಚ್ಚಿಹೋಗುತ್ತದೆ, ಸಾರಿನಲ್ಲಿ ಗೊತ್ತಾಗಿಬಿಡುತ್ತದೆ: ಮಾಂಸ ಪದರ ಪದರವಾಗಿ ಬಿಡುವ ಬದಲು ಹಿಟ್ಟು ಹಿಟ್ಟಾಗಿ ಒಡೆಯುತ್ತದೆ. ಮಳೆಗಾಲದಲ್ಲಿ ಬಂದವರು ಕೇಳಬೇಕಾದದ್ದು ಹೊಳೆಮೀನು, ನಾಡದೋಣಿಯವರು ದಂಡೆ ಬದಿಯಲ್ಲಿ ಹಿಡಿದ ಶೆಟ್ಲಿ (ಸಿಗಡಿ), ಮತ್ತು ಒಣಮೀನು. ಒಣ ಶೆಟ್ಲಿಯ ಕಿಸ್ಮೂರಿ ಆ ದಿನಗಳಿಗೆಂದೇ ಹುಟ್ಟಿದ ತಿನಿಸು. ಶೆಟ್ಲಿಯ ತಲೆ ಬಾಲ ಮುರಿದು, ಎಣ್ಣೆ ಹಾಕದೆ ಗರಿಗರಿ ಹುರಿದು, ಹಸಿ ತೆಂಗಿನತುರಿ, ಹೆಚ್ಚಿದ ಈರುಳ್ಳಿ, ಒಣಮೆಣಸು, ಚೂರು ಹುಣಸೆಹುಳಿಯೊಂದಿಗೆ ಕೈಯಲ್ಲೇ ಕಿವುಚುತ್ತಾರೆ. ಎಲೆಗೆ ಬಡಿಸುವ ಹೊತ್ತಿಗೆ ಕಲಸಬೇಕು. ಮೊದಲೇ ಕಲಸಿಟ್ಟರೆ ಈರುಳ್ಳಿ ನೀರು ಬಿಟ್ಟು ಶೆಟ್ಲಿ ಮೆತ್ತಗಾಗುತ್ತದೆ. ಕುಚಲಕ್ಕಿ ಅನ್ನ, ತೆಳು ಸಾರು, ಪಕ್ಕದಲ್ಲಿ ಇಷ್ಟು ಕಿಸ್ಮೂರಿ ಇದ್ದರೆ ಪಾಂಪ್ಲೆಟ್ ನೆನಪಾಗುವುದಿಲ್ಲ.

ಆಗಸ್ಟಿನಲ್ಲಿ ದೋಣಿಗಳು ಇಳಿದರೂ ಮೊದಲ ವಾರ ಕಡಲು ಇನ್ನೂ ಒರಟಾಗಿರುತ್ತದೆ. ಮಳೆ ಹಿಂದೆಗೆದ ಮೇಲೆ, ಅಕ್ಟೋಬರಿನಿಂದ ಫೆಬ್ರವರಿವರೆಗೆ, ಬಂಗಡೆ ಮತ್ತು ತಾರ್ಲೆಯ (ಬೂತಾಯಿ) ಕಾಲ. ಈ ಎರಡು ಅಗ್ಗದ ಮೀನುಗಳಿಗೇ ಕಾರವಾರದ ಅಡುಗೆಯಲ್ಲಿ ಹೆಚ್ಚು ಬುದ್ಧಿ ಖರ್ಚಾಗಿರುವುದು ಎನ್ನುವುದು ನನ್ನ ಪಕ್ಕಾ ಅಭಿಪ್ರಾಯ. ಹೊರಗಿನಿಂದ ಬಂದವರು ಮೆನುವಿನಲ್ಲಿ ದುಬಾರಿ ಮೀನಿಗೆ ಬೆರಳಿಡುತ್ತಾರೆ. ಊರಿನವರು ಬಂಗಡೆ ಹುಮಣ, ಅಂದರೆ ಬಂಗಡೆ ಸಾರು, ಇದೆಯೇ ಎಂದು ಕೇಳುತ್ತಾರೆ. ಹುಮಣಕ್ಕೆ ತೆಂಗಿನಕಾಯಿ, ಬ್ಯಾಡಗಿ ಮೆಣಸು, ಅರಿಶಿನ ನುಣ್ಣಗೆ ಅರೆದು, ಹುಳಿಗೆ ಮುರುಗಲು ಸಿಪ್ಪೆ ಹಾಕಿ, ಬಂಗಡೆಯಾದರೆ ಏಳೆಂಟು ತಿರ್ಫಳ (ನಾಲಿಗೆ ಜುಮ್ಮೆನಿಸುವ ಮಸಾಲೆ ಕಾಯಿ) ಜಜ್ಜಿ ಬಿಡುತ್ತಾರೆ. ತಿರ್ಫಳವನ್ನು ಅರೆಯಬಾರದು, ಅರೆದರೆ ಸಾರು ಕಹಿಯಾಗುತ್ತದೆ. ಒಳಗಿನ ಕರಿ ಬೀಜವನ್ನೂ ತೆಗೆದುಹಾಕಬೇಕು. ಊಟ ಮಾಡುವಾಗ ತಿರ್ಫಳದ ಸಿಪ್ಪೆ ಬಾಯಿಗೆ ಬಂದರೆ ಪಕ್ಕಕ್ಕಿಡಿ. ಅಗಿದರೆ ನಾಲಿಗೆ ಜುಮ್ಮೆಂದು ಮುಂದಿನ ನಾಲ್ಕು ತುತ್ತಿನ ರುಚಿ ಹೋಗುತ್ತದೆ.

ಕಾರವಾರದಲ್ಲಿ ಮೀನೂಟಕ್ಕೆ ಅಮೃತ್, ಶ್ವೇತಾ ಲಂಚ್ ಹೋಮ್ ಮುಂತಾದ ಹೆಸರುಗಳನ್ನು ಯಾರನ್ನು ಕೇಳಿದರೂ ಹೇಳುತ್ತಾರೆ. ಹೆಸರಿಗಿಂತ ಗಂಟೆ ಮುಖ್ಯ. ಮಧ್ಯಾಹ್ನ ಹನ್ನೆರಡೂವರೆಗೆ ಕುಳಿತರೆ ಸಾರು, ಒಣ ಮಸಾಲೆಯ ಸುಕ್ಕ, ಪಲ್ಯ, ಮುರುಗಲು-ತೆಂಗಿನ ಹಾಲಿನ ಸೋಲ್ ಕಡಿ ಎಲ್ಲ ಆಗತಾನೇ ಮಾಡಿದ್ದು. ಎರಡೂವರೆಯ ನಂತರ ಸಾರಿನ ತಳದಲ್ಲಿ ಮೀನು ಒಡೆದುಹೋಗಿರುತ್ತದೆ, ಚಿಪ್ಪಿನ ಸುಕ್ಕ ಖಾಲಿಯಾಗಿರುತ್ತದೆ, ಉಳಿಯುವುದು ರವಾ ಫ್ರೈ ಮಾತ್ರ. ರಾತ್ರಿ ಊಟ ಇಲ್ಲಿ ಎರಡನೇ ದರ್ಜೆಯದು: ಥಾಲಿ ಎಲ್ಲ ಕಡೆ ಇರುವುದಿಲ್ಲ, ಅದೇ ಅಡುಗೆಮನೆ ಗೋಬಿ ಮಂಚೂರಿಗೆ ತಿರುಗಿರುತ್ತದೆ. ಶನಿವಾರ ರಾತ್ರಿ ಒಂಬತ್ತಕ್ಕೆ ಊರು ತಲುಪಿ ಮೀನೂಟ ಹುಡುಕುವವರು ನಿರಾಶರಾಗುವುದು ಇದಕ್ಕೇ.

ಫ್ರೈ ಆರಿಸುವಾಗ ಒಂದು ಮಾತು. ನೋಗಲಿಗೆ (ಕಾಣೆ ಮೀನು) ರವೆ ಹೊಂದುತ್ತದೆ, ಮಾಂಸ ಮೆತ್ತಗಿರುವುದರಿಂದ ಹೊರಗೊಂದು ಗರಿ ಬೇಕು. ಬಂಗಡೆಗೆ ರವೆಗಿಂತ ಬರೀ ಮಸಾಲೆ ಹಚ್ಚಿ ಕಾವಲಿಯ ಮೇಲೆ ಬೇಯಿಸಿದ್ದೇ ಚೆಂದ, ಅದರದೇ ಎಣ್ಣೆ ಸಾಕು. ಇಸ್ವಾಣದ ತುಂಡು ಅರ್ಧ ಇಂಚಿಗಿಂತ ದಪ್ಪವಾಗಿದ್ದರೆ ರವೆ ಕಪ್ಪಾಗುವ ಹೊತ್ತಿಗೂ ನಡುವೆ ಬೆಂದಿರುವುದಿಲ್ಲ. ಮೀನನ್ನು ನೀವೇ ಕೊಂಡು ಉಳಿದುಕೊಂಡ ಮನೆಯಲ್ಲಿ ಮಾಡಿಸುವುದಾದರೆ ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ ಕಿವಿರು ಎತ್ತಿ ನೋಡಿ: ಕೆಂಪಗಿರಬೇಕು, ಕಂದು ಅಲ್ಲ. ಹೊಟ್ಟೆ ಒತ್ತಿದರೆ ಬೆರಳಿನ ಗುಂಡಿ ನಿಲ್ಲಬಾರದು. ಬಂಗಡೆ, ತಾರ್ಲೆಯ ಹೊಟ್ಟೆ ಒಡೆದಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಬೇಡ ಎನ್ನಿ. ಭಾನುವಾರ ಕಾರವಾರದ ಸಂತೆ. ತರಕಾರಿ, ಒಣಮೀನು, ಮುರುಗಲು ಸಿಪ್ಪೆ ಎಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತದೆ, ಗಾಡಿ ನಿಲ್ಲಿಸಲು ಮಾತ್ರ ಜಾಗ ಸಿಗುವುದಿಲ್ಲ.

ಬೆಳಗಿನ ತಿಂಡಿಗೆ ಬನ್ಸ್ ಅಥವಾ ಪಾವ್ ಭಾಜಿ. ಇಲ್ಲಿನ ಪಾವ್ ಭಾಜಿ ಮುಂಬೈಯ ಬೆಣ್ಣೆ ಮುದ್ದೆಯಲ್ಲ, ಗೋವೆಯ ಕಡೆಯ ತೆಳುವಾದ ಬಟಾಣಿ ಭಾಜಿ. ಬನ್ಸಿನ ಹಿಟ್ಟನ್ನು ಕಪ್ಪುಚುಕ್ಕೆ ಬಿದ್ದ ಬಾಳೆಹಣ್ಣು, ಮೈದಾ, ಮೊಸರು ಸೇರಿಸಿ ಹಿಂದಿನ ರಾತ್ರಿಯೇ ನಾದಿಟ್ಟಿರಬೇಕು. ಅವಸರದಲ್ಲಿ ಸೋಡಾ ಹೆಚ್ಚು ಹಾಕಿದ್ದು ಒಡೆದ ಕೂಡಲೇ ಗೊತ್ತಾಗುತ್ತದೆ: ಒಳಗೆ ಟೊಳ್ಳು, ಬಾಯಿಯಲ್ಲಿ ಸಾಬೂನಿನ ಒಗರು. ಎಂಟೂವರೆಯೊಳಗೆ ಹೋಗಿ.

ಇನ್ನು ಸೋಲ್ ಕಡಿ. ಇದು ಊಟದ ಕೊನೆಗೆ ಬರುವ ಗುಲಾಬಿ ನೀರು ಎಂದುಕೊಂಡು ಅರ್ಧಕ್ಕೇ ಬಿಡುವವರಿದ್ದಾರೆ. ಸರಿಯಾಗಿ ಮಾಡಿದ ಸೋಲ್ ಕಡಿ ಈ ಕರಾವಳಿಯ ಅತ್ಯಂತ ನಾಜೂಕಿನ ಪಾನೀಯ, ಹಾಗಾಗಿಯೇ ಹೆಚ್ಚಾಗಿ ಕೆಡುವುದೂ ಅದೇ. ನಾಲ್ಕು ಜನರಿಗೆ ಹನ್ನೆರಡು-ಹದಿನೈದು ಒಣ ಮುರುಗಲು ಸಿಪ್ಪೆಯನ್ನು ಒಂದು ಲೋಟ ಉಗುರುಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಹಿಂಡಿಕೊಳ್ಳಬೇಕು. ಒಂದು ಕಾಯಿಯ ತುರಿ, ಎರಡು ಎಸಳು ಬೆಳ್ಳುಳ್ಳಿ, ಒಂದು ಹಸಿಮೆಣಸು ಸೇರಿಸಿ ಅರೆದು ಒಂದು ಲೋಟ ನೀರಿನಲ್ಲಿ ದಪ್ಪ ಹಾಲು, ಮತ್ತೊಂದು ಲೋಟದಲ್ಲಿ ತೆಳು ಹಾಲು ತೆಗೆಯಬೇಕು. ಮುರುಗಲು ರಸವನ್ನು ಹಾಲಿಗೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾ ಕಲಕಬೇಕು. ಒಮ್ಮೆಲೇ ಸುರಿದರೆ ಹುಳಿಗೆ ಹಾಲು ಮೊಸರುಮೊಸರಾಗುತ್ತದೆ. ಉಪ್ಪು ಕಟ್ಟಕಡೆಗೆ, ಅದೂ ರುಚಿ ನೋಡಿ, ಏಕೆಂದರೆ ಸಿಪ್ಪೆ ಒಣಗಿಸುವಾಗಲೇ ಉಪ್ಪು ತಾಗಿಸಿರುತ್ತಾರೆ. ಬೆಂಕಿಗೆ ಇಡುವ ಮಾತೇ ಇಲ್ಲ. ಹಿತ್ತಾಳೆ, ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ಲೋಹದ ರುಚಿ ಇಳಿಯುತ್ತದೆ. ಮಾಡಿದ ನಾಲ್ಕೈದು ಗಂಟೆಯೊಳಗೆ ಮುಗಿಯಬೇಕು. ಅನಂತರ ಬೆಳ್ಳುಳ್ಳಿಯ ವಾಸನೆ ಏರುತ್ತದೆ, ಮೇಲೊಂದು ಪದರ, ಕೆಳಗೊಂದು ನೀರು.

ಹೋಟೆಲಿನಲ್ಲಿ ಬಣ್ಣ ನೋಡಿಯೇ ಅರ್ಧ ತೀರ್ಮಾನ ಮಾಡಬಹುದು. ತೆಂಗಿನ ಹಾಲಿಗೆ ಸೇರಿದ ಮುರುಗಲು ಮಂಕಾದ ನೇರಳೆ-ಗುಲಾಬಿಯಾಗುತ್ತದೆ. ಕಣ್ಣು ಕುಕ್ಕುವ ಗುಲಾಬಿಯಿದ್ದರೆ ಬಣ್ಣ ಬೆರೆಸಿದ್ದಾರೆ ಎಂದೋ ಸಿರಪ್ಪಿನಿಂದ ಮಾಡಿದ್ದಾರೆ ಎಂದೋ ಅನುಮಾನಿಸಿ. ಕಂದು ಬಣ್ಣಕ್ಕೆ ತಿರುಗಿದ್ದರೆ ಸಿಪ್ಪೆ ಹಳತು. ಹೊಸ ಸಿಪ್ಪೆ ಬರುವುದು ಏಪ್ರಿಲ್-ಮೇ ಹಣ್ಣಿನಿಂದ. ಆ ತಿಂಗಳುಗಳಲ್ಲಿ ಬಂದರೆ ಹಸಿ ಹಣ್ಣಿನ ಪಾನಕವನ್ನೇ ಕೇಳಿ, ಒಣಸಿಪ್ಪೆಯದು ವರ್ಷವಿಡೀ ಇದ್ದೇ ಇದೆ. ಶಿರಸಿ ಕಡೆ ಬಿಳಿ ಮುರುಗಲು ಎಂಬ ಇನ್ನೊಂದಿದೆ, ಹಣ್ಣು ಹಳದಿ, ಪಾನಕ ನೀರಿನಷ್ಟು ತಿಳಿ. ಪಿತ್ತಕ್ಕೆ ಅದೇ ಒಳ್ಳೆಯದೆಂದು ಮನೆಗಳಲ್ಲಿ ಕೂಡಿಡುತ್ತಾರೆ.

ವೈನ್ ಬೇಕೇಬೇಕು ಎನ್ನುವವರಿಗೂ ದಾರಿಯಿದೆ, ಆದರೆ ಬಾಟಲಿಯನ್ನು ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ತರುವುದು ವಾಸಿ, ಸಣ್ಣ ಊರುಗಳ ಅಂಗಡಿಯಲ್ಲಿ ಅದು ಎಷ್ಟು ಬೇಸಿಗೆ ಕಂಡಿದೆಯೋ ಹೇಳಲಾಗದು. ಕೆಂಪು ವೈನ್ ಈ ಊಟಕ್ಕೆ ಸರಿಬರುವುದಿಲ್ಲ. ಅದರಲ್ಲಿರುವ ಕಬ್ಬಿಣದ ಅಂಶ ಮೀನೆಣ್ಣೆಯ ಜೊತೆ ಸೇರಿ ಬಾಯಿಯಲ್ಲಿ ಹಳಸಲು ಮೀನಿನ ವಾಸನೆ ಎಬ್ಬಿಸುತ್ತದೆ, ವೈನಿನ ಒಗರು ಮೆಣಸಿನ ಖಾರವನ್ನು ಒರಟು ಮಾಡುತ್ತದೆ. ಚೆನಿನ್ ಬ್ಲಾಂಕ್ ತರಹದ, ಚೂರು ಸಿಹಿಯುಳಿದ ಬಿಳಿ ವೈನ್ ತೆಂಗಿನಕಾಯಿ ಸಾರಿನ ಜೊತೆ ನಿಲ್ಲುತ್ತದೆ. ಸಾವಿನ್ಯೋಂ ಬ್ಲಾಂಕ್ ರವಾ ಫ್ರೈಗೆ, ನಿಂಬೆಹಣ್ಣು ಹಿಂಡಿದ ಹಾಗೆ. ಸೋಲ್ ಕಡಿಯ ಜೊತೆ ಮಾತ್ರ ಯಾವ ವೈನೂ ಬೇಡ, ಎರಡು ಹುಳಿ ಒಂದನ್ನೊಂದು ಕೊಲ್ಲುತ್ತವೆ. ಬಿಳಿ ವೈನ್ 8ರಿಂದ 10 ಡಿಗ್ರಿಗೆ ತಣಿಯಬೇಕು. ಫ್ರಿಜ್ಜಿನಲ್ಲಿ ಎರಡು ಮೂರು ಗಂಟೆ, ಇಲ್ಲವೇ ಮಂಜುಗಡ್ಡೆ, ನೀರು, ಒಂದು ಹಿಡಿ ಉಪ್ಪು ಹಾಕಿದ ಬಕೆಟಿನಲ್ಲಿ ಇಪ್ಪತ್ತು ನಿಮಿಷ. ದಾರಿಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಟ್ಟು ಬೀಚಿಗೆ ಇಳಿದರೆ ಮುಗಿಯಿತು, ಏಪ್ರಿಲ್ ಬಿಸಿಲಿಗೆ ಬಿರಡೆ ಮೇಲೆದ್ದು ವೈನ್ ಬೇಯಿಸಿದ ಹಣ್ಣಿನ ವಾಸನೆಗೆ ತಿರುಗುತ್ತದೆ.

ಕಾರವಾರದಿಂದ ಕಾಳಿ ಸೇತುವೆ ದಾಟಿ ಮಾಜಾಳಿ ಕಳೆದರೆ ಗೋವಾ. ಮಾರ್ಚಿನಿಂದ ಮೇವರೆಗೆ ಅಲ್ಲಿ ಗೇರುಹಣ್ಣಿನ ಉರಾಕ್ ಸಿಗುತ್ತದೆ, ಫೆನಿಗಿಂತ ಮೊದಲ ಭಟ್ಟಿಯದು, ಹಗುರ. ಹಸಿಮೆಣಸು ಸೀಳಿ, ನಿಂಬೆ ಹಿಂಡಿ, ಲಿಂಬು ಸೋಡಾ ಬೆರೆಸಿ ಕುಡಿಯುತ್ತಾರೆ. ಕುಡಿಯುವುದಾದರೆ ಅಲ್ಲೇ ಕುಡಿದು, ಅಲ್ಲೇ ಉಳಿದು, ಮರುದಿನ ಬನ್ನಿ. ಪರವಾನಗಿಯಿಲ್ಲದೆ ಬಾಟಲಿ ಈಚೆಗೆ ತರುವುದು ಅಬಕಾರಿ ಅಪರಾಧ, ಮಾಜಾಳಿಯ ತನಿಖಾ ಠಾಣೆಯಲ್ಲಿ ಗಾಡಿ ನಿಲ್ಲಿಸಿ ನೋಡುತ್ತಾರೆ. ಒಂದು ಬಾಟಲಿಗೆ ಯಾರು ಕೇಳುತ್ತಾರೆ ಎಂಬ ಧೈರ್ಯಕ್ಕೆ ಇಡೀ ಭಾನುವಾರ ಹೋದದ್ದುಂಟು.

ಕಾರವಾರದಿಂದ ದಕ್ಷಿಣಕ್ಕೆ ಹೆದ್ದಾರಿ 66ರಲ್ಲಿ ಅಂಕೋಲಾ, ಕುಮಟಾ. ಮೇ ತಿಂಗಳಾದರೆ ಅಂಕೋಲೆಯಲ್ಲಿ ನಿಲ್ಲದೆ ಹೋಗಬಾರದು. 2023ರಲ್ಲಿ ಭೌಗೋಳಿಕ ಮಾನ್ಯತೆ (ಜಿಐ ಟ್ಯಾಗ್) ಸಿಕ್ಕ ಕರಿ ಇಶಾಡ್ ಮಾವು ಅಲ್ಲಿಯದು. ಸಿಪ್ಪೆ ತೆಳು, ರಸ ಹೆಚ್ಚು, ಬಾಳಿಕೆ ಕಡಿಮೆ. ಈ ತೆಳುಸಿಪ್ಪೆಯಿಂದಾಗಿಯೇ ಅದು ಬೆಂಗಳೂರಿನ ಮಾರುಕಟ್ಟೆ ಮುಟ್ಟುವ ಹೊತ್ತಿಗೆ ಜಜ್ಜಿಹೋಗಿರುತ್ತದೆ. ಹಾಲಕ್ಕಿ ಸಮುದಾಯದ ಹೆಂಗಸರು ಬುಟ್ಟಿಯಲ್ಲಿಟ್ಟು ಮಾರುತ್ತಾರೆ. ಅವತ್ತೇ ತಿನ್ನುವುದಕ್ಕೋ ನಾಳೆಗೋ ಎಂದು ಹೇಳಿದರೆ ಅವರೇ ಒತ್ತಿ ನೋಡಿ ಆರಿಸಿ ಕೊಡುತ್ತಾರೆ. ನೀವೇ ಹಿಚುಕಲು ಹೋಗಬೇಡಿ, ಬೈಗುಳ ತಿನ್ನುತ್ತೀರಿ. ಅದೇ ದಿನಗಳಲ್ಲಿ ಕುಮಟಾ ಬದಿಯ ಹೆದ್ದಾರಿಯಲ್ಲಿ ಸಿಹಿ ಈರುಳ್ಳಿಯ ಜಡೆಗಳು ತೂಗುತ್ತಿರುತ್ತವೆ. ಹಸಿಯಾಗಿ ತಿನ್ನಲು ಇದರಷ್ಟು ಒಳ್ಳೆಯ ಈರುಳ್ಳಿಯಿಲ್ಲ. ಒಯ್ದ ಮೇಲೆ ಜಡೆ ಬಿಚ್ಚದೆ ಗಾಳಿಯಾಡುವಲ್ಲಿ ನೇತುಹಾಕಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಮಳೆ ಹಿಡಿಯುವ ಮೊದಲೇ ಕೊಳೆಯುತ್ತದೆ.

ಕುಮಟೆಯ ಬಳಿ ಅಘನಾಶಿನಿ ಹೊಳೆ ಕಡಲು ಸೇರುತ್ತದೆ. 2024ರಲ್ಲಿ ರಾಮ್ಸರ್ ಪಟ್ಟಿಗೆ (ಮಹತ್ವದ ಜೌಗುನೆಲಗಳ ಅಂತರರಾಷ್ಟ್ರೀಯ ಪಟ್ಟಿ) ಸೇರಿದ ಈ ಅಳಿವೆ ಚಿಪ್ಪಿಕಲ್ಲಿನ ಕಣಜ: ಬಳಚು, ತಿಸ್ರೆ, ಕಲ್ವ. ಇಳಿತದ ಹೊತ್ತಿಗೆ ಮರಳದಿಬ್ಬ ಮೇಲೆದ್ದಾಗ ಹೆಂಗಸರು ಗಂಡಸರು ಇಳಿದು ಆರಿಸುತ್ತಾರೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ನೀರು ಹೆಚ್ಚು ದೂರ ಸರಿಯುವುದರಿಂದ ಆ ದಿನಗಳಲ್ಲಿ ಪೇಟೆಗೆ ಚಿಪ್ಪು ಜಾಸ್ತಿ. ಸುಕ್ಕ ಕೇಳುವ ಮೊದಲು ಇದಷ್ಟು ತಿಳಿದಿರಲಿ: ಬಾಯಿ ಬಿಗಿಮುಚ್ಚಿದ ಚಿಪ್ಪನ್ನು ಉಪ್ಪುನೀರಿನಲ್ಲಿ ಎರಡು ಗಂಟೆ ಬಿಟ್ಟರೆ ಮರಳು ಕಾರುತ್ತದೆ. ಈ ಹಂತ ತಪ್ಪಿಸಿದ ಸುಕ್ಕ ಹಲ್ಲಿಗೆ ಕರಕರ ಎನ್ನುತ್ತದೆ. ಬೇಯಿಸುವ ಮೊದಲೇ ಬಾಯಿ ತೆರೆದಿದ್ದು ಸತ್ತದ್ದು, ಬೆಂದರೂ ತೆರೆಯದ್ದನ್ನೂ ಎಸೆಯಬೇಕು. ಚಿಪ್ಪು ತೆರೆದ ಮೇಲೆ ಎರಡು ಮೂರು ನಿಮಿಷ ಸಾಕು, ಅದಕ್ಕಿಂತ ಹೆಚ್ಚು ಬೆಂದರೆ ರಬ್ಬರು. ಒಳಗಿನ ನೀರೇ ಉಪ್ಪಿರುವುದರಿಂದ ಮಸಾಲೆಗೆ ಬೇರೆ ಉಪ್ಪು ಹಾಕುವವರು ಅಡುಗೆ ಗೊತ್ತಿಲ್ಲದವರು. ಮಳೆಗಾಲದ ಕೆಂಪುನೀರಿನ ದಿನಗಳಲ್ಲಿ ಚಿಪ್ಪು ಬಿಟ್ಟುಬಿಡಿ.

ದಕ್ಷಿಣಕ್ಕೆ ಇನ್ನೂ ಹೋದರೆ ಭಟ್ಕಳದಲ್ಲಿ ನವಾಯತ ಮುಸ್ಲಿಮರ ಬಿರಿಯಾನಿ, ಈರುಳ್ಳಿ ಧಾರಾಳ, ಖಾರ ಮಿತ. ಶ್ಯಾವಿಗೆಯಲ್ಲಿ ಮಾಡುವುದೂ ಇದೆ. ಅದಕ್ಕೆ ಬೇರೆಯೇ ಒಂದು ದಿನ ಇಡಬೇಕು.

ಎರಡೇ ದಿನವಿದ್ದರೆ ಕುಮಟೆಯಿಂದ ದೇವಿಮನೆ ಘಾಟಿ ಹತ್ತಿ. ಶಿರಸಿಗೆ ಅರವತ್ತು ಚಿಲ್ಲರೆ ಕಿಲೋಮೀಟರ್. ಮೊದಲು ಕಡಲು, ಆಮೇಲೆ ಘಟ್ಟ ಎಂಬ ಕ್ರಮವೇ ಹೊಟ್ಟೆಗೂ ಒಳ್ಳೆಯದು: ಶನಿವಾರದ ಮೀನು ಮಸಾಲೆಯ ಮೇಲೆ ಭಾನುವಾರದ ತಂಬುಳಿ, ಅಪ್ಪೆಹುಳಿ. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದುಂಟು, ಹೊರಡುವ ಬೆಳಿಗ್ಗೆ ವಿಚಾರಿಸಿಕೊಳ್ಳಿ.

ಶಿರಸಿಯಲ್ಲಿ ಹೋಟೆಲಿಗಿಂತ ಹಳ್ಳಿ ಮನೆಯ ಹೋಮ್‌ಸ್ಟೇ ಊಟವೇ ಊಟ. ಆದರೆ ಹಿಂದಿನ ದಿನ ಹೇಳಿರಬೇಕು. ಹೇಳದೆ ಹೋದರೆ ಅನ್ನ, ಸಾರು, ಪನೀರ್ ಪಲ್ಯ ಸಿಗುತ್ತದೆ, ಅದು ನಿಮಗೆಂದು ಅವರು ಕಲಿತದ್ದು. ಫೋನಿನಲ್ಲಿ ಸ್ಪಷ್ಟವಾಗಿ, ನೀವು ಮನೆಯಲ್ಲಿ ಮಾಡುವುದನ್ನೇ ಮಾಡಿ ಎಂದುಬಿಡಿ. ಆಗ ಒಂದೆಲಗದ ತಂಬುಳಿ, ಸಾಸಿವೆ ಅರೆದು ಮಾಡುವ ಸಾಸ್ಮೆ, ಬೆಳಿಗ್ಗೆ ಜೋನಿ ಬೆಲ್ಲ (ದ್ರವ ಬೆಲ್ಲ) ತುಪ್ಪದ ಜೊತೆ ತೆಳ್ಳೇವು ಎಂಬ ತೆಳು ದೋಸೆ ಬರುತ್ತವೆ. ಮಳೆಗಾಲವಾದರೆ ಕೆಸುವಿನ ಸೊಪ್ಪಿನ ಕರಕಲಿ. ಹುಳಿ ಸಾಲದ ಕರಕಲಿ ಗಂಟಲು ತುರಿಸುತ್ತದೆ, ಆದ್ದರಿಂದ ಮೊದಲ ತುತ್ತು ಚಿಕ್ಕದಿರಲಿ.

ಮೆಟ್ಟಿಲು ಹತ್ತಿದ ಕೂಡಲೇ “ಆಸ್ರಿಗೆ ಎಂತ ಮಾಡ್ಲಿ?” (ಕುಡಿಯಲು ಏನು ಮಾಡಲಿ?) ಎಂದು ಕೇಳುತ್ತಾರೆ. ಕಾಫಿ, ಚಹಾ ಎನ್ನಬೇಡಿ, ಕಷಾಯ ಎನ್ನಿ. ಒಂದು ಲೋಟ ಕೊತ್ತಂಬರಿ ಬೀಜ, ಅರ್ಧ ಲೋಟ ಜೀರಿಗೆ, ಒಂದೊಂದು ಚಮಚ ಮೆಂತೆ ಮತ್ತು ಕಾಳುಮೆಣಸು, ನಾಲ್ಕು ಏಲಕ್ಕಿ, ಬೇರೆಬೇರೆಯಾಗಿ ಹುರಿದು ಪುಡಿ ಮಾಡಿದ್ದು. ಮೆಂತೆ ಕಪ್ಪಾದರೆ ಇಡೀ ಡಬ್ಬಿ ಕಹಿ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ, ಬೆಲ್ಲ ಹಾಕಿ ಮೂರ್ನಾಲ್ಕು ನಿಮಿಷ ಕುದಿಸಿ, ಕೆಳಗಿಳಿಸಿದ ಮೇಲೆ ಬಿಸಿ ಹಾಲು. ಬೆಲ್ಲವನ್ನೂ ಹಾಲನ್ನೂ ಒಟ್ಟಿಗೆ ಕುದಿಸಿದರೆ ಒಡೆಯುತ್ತದೆ.

ಅಪ್ಪೆಹುಳಿಯನ್ನು ಅನ್ನಕ್ಕೆ ಕಲಸುವುದಕ್ಕಿಂತ ಲೋಟದಲ್ಲಿ ಹಾಕಿಸಿಕೊಂಡು ಕುಡಿಯುವವರೇ ಹೆಚ್ಚು. ಪರಿಮಳದ ಅಪ್ಪೆ ಮಾವಿನಕಾಯಿ ಒಂದನ್ನು ಬೇಯಿಸಿ ಕಿವುಚಿ, ನಾಲ್ಕು ಲೋಟ ನೀರು, ಉಪ್ಪು, ಚಿಟಿಕೆ ಸಕ್ಕರೆ. ಮೇಲೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಇಂಗಿನ ಒಗ್ಗರಣೆ. ಕಾಯಿಯಿಲ್ಲದ ಕಾಲದಲ್ಲಿ ಉಪ್ಪುನೀರಿನ ಮಿಡಿ ಐದಾರು ಹಾಕುತ್ತಾರೆ, ಆಗ ಬೇರೆ ಉಪ್ಪು ಬೇಡ. ಪೇಟೆಯ ತೋತಾಪುರಿಯಲ್ಲಿ ಮಾಡಿದರೆ ಹುಳಿ ಬರುತ್ತದೆ, ಅಪ್ಪೆ ಬರುವುದಿಲ್ಲ. ಕುಡಿದ ಮೇಲೆ ಗಾಡಿ ಓಡಿಸಲು ಹೊರಡಬೇಡಿ, ನಿದ್ದೆ ಎಳೆಯುತ್ತದೆ. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ನನ್ನನ್ನು ಕೇಳಿದರೆ ಈ ಇಡೀ ಪ್ರದೇಶಕ್ಕೆ ವಾರಾಂತ್ಯಕ್ಕೆ ಬರಲು ಒಳ್ಳೆಯ ಹೊತ್ತು ಜನವರಿ ಕೊನೆಯಿಂದ ಮಾರ್ಚ್ ಮೊದಲ ಭಾಗ: ಕೆಳಗೆ ಮೀನು ಇರುತ್ತದೆ, ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಆಲೆಮನೆ ನಡೆಯುತ್ತಿರುತ್ತದೆ. ಗಾಣದಿಂದ ಇಳಿದ ಕಬ್ಬಿನ ಹಾಲನ್ನು ಅಲ್ಲೇ ನಿಂತು ಕುಡಿಯಬೇಕು. ಅರ್ಧ ಗಂಟೆಯಲ್ಲಿ ಗಾಳಿ ತಾಗಿ ಕಪ್ಪಾಗುತ್ತದೆ, ಬಾಟಲಿಗೆ ತುಂಬಿಕೊಂಡು ಹೋದದ್ದು ಸಂಜೆಗೆ ಹುಳಿ. ಜೊತೆಗೆ ಮಂಡಕ್ಕಿ, ಮಿರ್ಚಿ ಬಜ್ಜಿ. ಖಾರದ ಮೇಲೆ ಸಿಹಿ, ಸಿಹಿಯ ಮೇಲೆ ಖಾರ, ಹೀಗೆ ಮೂರು ಲೋಟ ಯಾವಾಗ ಮುಗಿಯಿತೆಂದು ತಿಳಿಯುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಮಾತ್ರ ಎರಡನೇ ಲೋಟಕ್ಕೆ ಕೈಹಾಕಬೇಡಿ.

ತೊಡೆದೇವು ಎಂಬ ಕಾಗದದಷ್ಟು ತೆಳುವಾದ ಸಿಹಿತಿಂಡಿ ಮಾಡುವುದು ನೋಡಲು ಸಿಗುವುದೂ ಆಗಲೇ. ನೆನೆಸಿದ ಅಕ್ಕಿಯನ್ನು ಕಬ್ಬಿನ ಹಾಲಿನಲ್ಲಿ ಗಂಧದ ಹಾಗೆ ಅರೆದು ನೀರುನೀರಾಗಿಸುತ್ತಾರೆ. ಒಲೆಯ ಮೇಲೆ ಮಡಕೆ ಬೋರಲು. ಅದರ ಬೆನ್ನಿಗೆ ಎಣ್ಣೆ ಸವರಿ, ಹಿಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ಒಂದೇ ಎಳೆತಕ್ಕೆ ಸುತ್ತ ತೊಡೆಯುತ್ತಾರೆ. ಕ್ಷಣದಲ್ಲಿ ಅಂಚು ಬಿಡುತ್ತದೆ, ತುಪ್ಪ ಚಿಮುಕಿಸಿ ಮಡಚಿ ತೆಗೆದರೆ ಆಯಿತು. ಮಡಕೆ ಹೆಚ್ಚು ಕಾದಿದ್ದರೆ ಹಿಟ್ಟು ಹಿಡಿಯದೆ ಸುರುಳಿಯಾಗಿ ಬಟ್ಟೆಯೊಂದಿಗೇ ಬರುತ್ತದೆ. ಕಾವು ಸಾಲದಿದ್ದರೆ ಏಳುವುದೇ ಇಲ್ಲ. ಮಡಚಲು ಎರಡು ಉಸಿರು ತಡವಾದರೆ ಪುಡಿ. ಒಲೆಯ ಪಕ್ಕ ಗರಿಯಾಗಿ ತಿನ್ನುವುದು ಒಂದು ರುಚಿ, ಬಿಸಿ ಹಾಲಿನಲ್ಲಿ ಮುಳುಗಿಸಿದ್ದು ಇನ್ನೊಂದು. ಪೇಟೆಯಲ್ಲಿ ಡಬ್ಬಿಯಲ್ಲಿ ಸಿಗುವುದು ಹೆಚ್ಚಾಗಿ ಬೆಲ್ಲದ ನೀರಿನದು, ಕೆಟ್ಟದ್ದೇನಲ್ಲ.

ಒಂದು ಎಚ್ಚರಿಕೆ: ಎರಡು ವರ್ಷಕ್ಕೊಮ್ಮೆ ಇದೇ ದಿನಗಳ ಆಸುಪಾಸಿನಲ್ಲಿ ಮಾರಿಕಾಂಬಾ ಜಾತ್ರೆ ಬೀಳುತ್ತದೆ. ಆ ವಾರ ಶಿರಸಿಯಲ್ಲಿ ರೂಮು ಸಿಗುವುದಿಲ್ಲ, ಮನೆಗಳಲ್ಲೂ ನೆಂಟರು ತುಂಬಿರುತ್ತಾರೆ. ಜಾತ್ರೆಯೇ ಬೇಕೆಂದರೆ ಬನ್ನಿ, ಊಟಕ್ಕೆಂದು ಬರುವವರು ದಿನಾಂಕ ನೋಡಿಕೊಳ್ಳಿ.

ಹೊರಡುವಾಗ ಶಿರಸಿಯ ಕದಂಬ ಮಾರ್ಕೆಟಿಂಗ್ ಸೌಹಾರ್ದ ಸಹಕಾರಿಯಲ್ಲೋ ತೋಟಗಾರ್ಸ್ ಸೇಲ್ ಸೊಸೈಟಿಯಲ್ಲೋ ಮುರುಗಲು, ಕಾಳುಮೆಣಸು, ಜೋನಿ ಬೆಲ್ಲ ಸಿಗುತ್ತದೆಯೇ ವಿಚಾರಿಸಿ. ಮುರುಗಲು ಸಿಪ್ಪೆ ಮೆತ್ತಗಿರಬೇಕು, ಬಾಗಿಸಿದರೆ ಮುರಿಯಬಾರದು. ಜೋನಿ ಬೆಲ್ಲವನ್ನು ಕೊಡದ ಕಂಠದವರೆಗೆ ತುಂಬಿಸಿಕೊಳ್ಳಬೇಡಿ, ಬಿಸಿಲಿನಲ್ಲಿ ಉಕ್ಕಿ ಕಾರಿನ ಹಾಸಿಗೆಯೆಲ್ಲ ಅಂಟುತ್ತದೆ. ನಾಲ್ಕು ಬೆರಳು ಜಾಗ ಬಿಟ್ಟು, ಮನೆಗೆ ಹೋದ ಮೇಲೆ ಗಾಜಿನ ಭರಣಿಗೆ ಸುರಿದು, ಒಣ ಚಮಚವನ್ನಷ್ಟೇ ಹಾಕಿ.